ದುಗ್ಗಮ್ಮನ ಸುಡುಮಣ್ಣು

"ಇನ್ನೂ ತೆಳ್ಳಗೆ ಬರಬೇಕು," ಎಂದಳು ಮೈಮೂನಾ, ಹಗ್ಗದ ಆಚೆಯಿಂದ. "ಕಾವಲಿಯಿಂದ ನೀರುದೋಸೆ ಎಬ್ಬಿಸುವ ಹಾಗೆ. ಮೇಲಿನ ಮಣ್ಣು ಕೆಳಗಿನದ್ದಕ್ಕೆ ಬೆರೆತರೆ ಇಷ್ಟು ಹೊತ್ತು ಮಾಡಿದ್ದು ದಂಡ."

ಹರ್ಷಿತ್ ಬೆವರು ಒರೆಸಿಕೊಳ್ಳಲೂ ಹೋಗಲಿಲ್ಲ. ಕೈಗವಸಿನ ಕೈಯಲ್ಲಿ ಕರಣೆ ಹಿಡಿದು ಬಸಳೆಯ ಬುಡದ ಮಣ್ಣನ್ನು ಬೆರಳು ದಪ್ಪಕ್ಕೆ ಸೀಳಿ, ಅಡಿಕೆ ಹಾಳೆಯೊಂದರ ಮೇಲೆ ಇಳಿಸಿದ. ಅದರಡಿಯ ಪದರ ಇನ್ನೊಂದು ಹಾಳೆಗೆ. ಅದರಡಿಯದ್ದು ಮತ್ತೊಂದಕ್ಕೆ. ದುಗ್ಗಮ್ಮನ ಅಂಗಳದಲ್ಲಿ ಹಾಳೆಗಳು ಊಟಕ್ಕೆ ಎಲೆ ಹಾಕಿದಂತೆ ಸಾಲಾಗಿ ಬಿದ್ದವು.

ಪುತ್ತೂರಿನಲ್ಲಿ ಮಣ್ಣು ಪರೀಕ್ಷೆಯ ಲ್ಯಾಬ್ ಇಟ್ಟುಕೊಂಡಿದ್ದ ಮೈಮೂನಾಗೆ ಪೊಲೀಸರು ಕಟ್ಟಿದ ಹಗ್ಗ ದಾಟಲು ಅಪ್ಪಣೆ ಇರಲಿಲ್ಲ. ಎಸ್.ಐ. ಸುಜಯ್ ಜೀಪಿನಲ್ಲಿ ಬರುವಾಗಲೇ ಹೇಳಿಬಿಟ್ಟಿದ್ದ: ಮಣ್ಣು ಮುಟ್ಟಬಾರದು, ಮೆಷಿನ್ ಮುಟ್ಟಬಾರದು, ಬಾಯಲ್ಲಿ ಹೇಳಿ, ಕೈ ನಮ್ಮದು. ಅವನ ಮಾತಿನಲ್ಲಿ ತಪ್ಪೂ ಇರಲಿಲ್ಲ. ಆರೋಪಿಯ ಮಗಳೇ ಸಾಕ್ಷಿಯ ಮಣ್ಣಿಗೆ ಕೈ ಹಾಕಿದಳು ಎಂದು ನಾಳೆ ಯಾರಾದರೂ ಎತ್ತಿ ಹೇಳಿದರೆ ಕೆಲಸ ಕೆಟ್ಟಂತೆಯೇ.

ನಾಳೆ ಅವಳು ಉಪ್ಪ ಎಂದು ಕರೆಯುವ ಅಪ್ಪ, ಗುತ್ತಿಗಾರು ರಸ್ತೆಯ ಗುಜರಿ ಅಂಗಡಿಯ ಕುಂಞಿ ಮೋನು, ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. ಹಳೆ ಪಾತ್ರೆ ಕರಗಿಸುವ ಒಲೆಗೆ ವಿಕಿರಣದ ಸೀಸಿಯಂ ತುಂಬಿದ್ದ ಯಾವುದೋ ಯಂತ್ರದ ತುಂಡು ಹಾಕಿದ, ಆ ಹೊಗೆ ಊರ ಮೇಲೆ ಇಳಿಯಿತು, ದುಗ್ಗಮ್ಮನ ಬಸಳೆ ವಿಷವಾಯಿತು, ಅದನ್ನು ತಿಂದ ಅವಳ ಮೊಮ್ಮಗಳು ಯಶಸ್ವಿಯನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವನ ಪಿಕಪ್ ವ್ಯಾನಿನ ಎದುರು ಹಿಡಿದ ವಿಕಿರಣದ ಮಾಪಕವೂ ಕೂಗಿತು. ಪೊಲೀಸರ ಕತೆ ಇಷ್ಟು. ಸುಳ್ಯದ ಕಾಲೇಜು ಮಕ್ಕಳು ಪ್ರಾಜೆಕ್ಟಿಗೆಂದು ತಂದ ವಿಕಿರಣ ಅಳೆಯುವ ಮೆಷಿನ್ ಈ ಬಸಳೆ ಚಪ್ಪರದಡಿ ಕೂಗಿಕೊಂಡ ದಿನದಿಂದ ಊರಿನ ಕತೆಯೂ ಅದೇ ಆಗಿತ್ತು. ಅದಕ್ಕೆ ಉಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

"ಮೆಷಿನ್ ಹಿಡಿಯಿರಿ," ಎಂದಳು. "ಮೇಲಿನ ಹಾಳೆಯಿಂದ."

ಹರ್ಷಿತ್ ಸರಕಾರಿ ಲ್ಯಾಬಿನ ಹುಡುಗ, ಮಾತು ಕಡಿಮೆ. ಟಾರ್ಚಿನಂತಿದ್ದ ಮಾಪಕವನ್ನು ಮೊದಲ ಹಾಳೆಯ ಮೇಲೆ ಹಿಡಿದ. ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಸದ್ದು.

"ನೋಡಿ," ಎಂದ ಸುಜಯ್. "ಮೇಲಿನ ಮಣ್ಣೇ. ಆಕಾಶದಿಂದ ಬಿದ್ದದ್ದು ಅಂತ ನಾನು ಹೇಳಿದ್ದೂ ಅದನ್ನೇ."

"ಸಾರ್, ಒಂದು ತುತ್ತು ತಿಂದು ಊಟ ಆಯ್ತು ಅನ್ಬೇಡಿ. ಮುಂದಿನದ್ದು ನೋಡುವ."

ಎರಡನೆಯ ಹಾಳೆ. ಚಟಪಟ. ಮೂರನೆಯದ್ದು. ಅಷ್ಟೇ ಚಟಪಟ. ನಾಲ್ಕನೆಯದ್ದರಲ್ಲೂ ಸದ್ದು ಇಳಿಯಲಿಲ್ಲ. ಗೇಣು ಆಳ ತಲುಪಿ ಹಾಳೆಯ ಮೇಲೆ ಕಪ್ಪು ಮಣ್ಣು ಮುಗಿದು ಮುರಕಲ್ಲಿನ ಚೂರು ಬೆರೆತ ಕೆಂಪು ಮಣ್ಣು ಬಂದಾಗ ಮಾಪಕ ತಟಕ್ಕನೆ ಸುಮ್ಮನಾಯಿತು. ಯಾವಾಗಲೋ ಒಮ್ಮೆ ಟಿಕ್ ಅನ್ನುವುದು, ಅಷ್ಟೇ. ಅಷ್ಟು ಎಲ್ಲ ಮಣ್ಣಿನಲ್ಲೂ ಇರುವುದೇ.

ಮೈಮೂನಾ ಎರಡು ಕೈಯಲ್ಲೂ ಹಗ್ಗ ಹಿಡಿದುಕೊಂಡಳು.

"ಸಾರ್, ಆಕಾಶದಿಂದ ಬಿದ್ದ ಸೀಸಿಯಂ ಹೀಗೆ ಇರುದಿಲ್ಲ. ಬಿದ್ದ ಕಡೆ ಮೇಲಿನ ಪದರದಲ್ಲೇ ಕೂತುಬಿಡ್ತದೆ. ಜೇಡಿಯ ಕಣ ಸಿಕ್ಕಿದರೆ ಅದಕ್ಕೆ ಅಂಟಿ ಮಳೆ ಬಂದರೂ ಬಿಡುದಿಲ್ಲ. ನಮ್ಮ ಕೆಂಪು ಮಣ್ಣಿನ ಹಿಡಿತ ಸ್ವಲ್ಪ ಸಡಿಲ, ಒಪ್ಪಿಕೊಳ್ತೇನೆ. ಆದರೂ ಕೆಳಗೆ ಹೋಗ್ತಾ ಹೋಗ್ತಾ ಕಡಿಮೆ ಆಗ್ಬೇಕು. ಇಲ್ಲಿ ಗೇಣು ಆಳದವರೆಗೆ ಒಂದೇ ಸಮ, ಆಮೇಲೆ ಏನೂ ಇಲ್ಲ."

"ಅಗೆದು ಮಗುಚಿರ್ತಾರೆ. ತರಕಾರಿ ಗುಂಡಿ ಅಲ್ವಾ."

"ಆಯ್ತು, ಮಗುಚಿದ್ರು ಅಂತ ಇಟ್ಟುಕೊಳ್ಳಿ. ಗುಂಡಿಯಿಂದ ಎರಡು ಮಾರು ಆಚೆ, ಆ ಮಗುಚದ ಅಂಗಳ ನೋಡಿ. ಪಕ್ಕದ ಬಾಳೆಯ ಬುಡ ನೋಡಿ."

ಹರ್ಷಿತ್ ಹೋಗಿ ನೋಡಿದ. ಅಂಗಳ ಸುಮ್ಮನಿತ್ತು. ಬಾಳೆಯ ಬುಡವೂ ಸುಮ್ಮನಿತ್ತು.

ಸುಜಯ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಕೆಟ್ಟವನಲ್ಲ ಆತ. ಅವಸರದವನು, ಮೇಲಿನವರ ಫೋನಿಗೆ ಹೆದರುವವನು. ಮೊದಲ ದಿನ ಇವನ ಜೊತೆ ಬಂದವರು ಗುದ್ದಲಿಯಲ್ಲಿ ಮೇಲಿನದ್ದು ಕೆಳಗಿನದ್ದು ಎಲ್ಲ ಒಟ್ಟಿಗೆ ಎತ್ತಿ ಒಂದೇ ಚೀಲಕ್ಕೆ ತುಂಬಿ ಕಳಿಸಿದ್ದರು. ಸಾಂಬಾರು ಬೆರೆಸಿದ ಮೇಲೆ ಅನ್ನದ ಬಣ್ಣ ಕೇಳಿದ ಹಾಗಾಗಿತ್ತು ಅವರ ಪರೀಕ್ಷೆ.

"ಅಂಗಳಕ್ಕೆ ಬಿದ್ದದ್ದು ಗುಡಿಸಿ ಹೋಗಿರಬಹುದು," ಎಂದ.

"ಅದಕ್ಕೇ ಕೇಳ್ತೇನೆ, ಯಾರೂ ಗುಡಿಸದ ಜಾಗ ಯಾವುದು ಇಲ್ಲಿ?" ಮೈಮೂನಾ ದನದ ಹಟ್ಟಿಯ ಮಾಡಿನ ಕಡೆ ಕೈ ತೋರಿಸಿದಳು. "ಆ ಹಂಚು ನೋಡಿ. ಅದರ ಮೇಲೆ ಪಾಚಿ ಉಂಟು. ಪಾಚಿಗೆ ಬೇರಿಲ್ಲ, ಮಣ್ಣಿಲ್ಲ. ಆಕಾಶದಿಂದ ಬಿದ್ದದ್ದೇ ಅದರ ಊಟ. ಹೊಗೆ ಇಲ್ಲಿ ಇಳಿದದ್ದು ಹೌದಾದರೆ ಈ ಅಂಗಳದಲ್ಲಿ ಮೊದಲು ಕೂಗಬೇಕಾದ್ದು ಆ ಪಾಚಿ."

ಏಣಿ ಬಂತು. ಹರ್ಷಿತ್ ಹತ್ತಿದ. ಬಿಸಿಲಿಗೆ ಒಣಗಿ ಕಂದಾಗಿದ್ದ ಪಾಚಿಯ ಮೇಲೆ ಮಾಪಕ ಇಟ್ಟು ತುಂಬ ಹೊತ್ತು ನಿಂತ. ಕೆಳಗೆ ಇಬ್ಬರೂ ಕತ್ತೆತ್ತಿ ನೋಡುತ್ತಿದ್ದರು. ಹಟ್ಟಿಯೊಳಗಿನ ದನ ಕೂಡ ಮೆಲುಕು ನಿಲ್ಲಿಸಿತ್ತು.

"ಏನೂ ಇಲ್ಲ ಸಾರ್," ಎಂದ ಹರ್ಷಿತ್ ಮೇಲಿನಿಂದ. "ಖಾಲಿ."

ಮೈಮೂನಾ ಉಸಿರು ಬಿಟ್ಟಳು. ಅಷ್ಟರಲ್ಲಿ ದುಗ್ಗಮ್ಮ ತಟ್ಟೆಯಲ್ಲಿ ಕಾಫಿ ಹಿಡಿದು ಬಂದಳು. ಎಪ್ಪತ್ತು ದಾಟಿದ ಗೌಡರ ಹೆಂಗಸು. ಮೊಮ್ಮಗಳು ಆಸ್ಪತ್ರೆ ಸೇರಿದ ಮೇಲೆ ಸೆರಗು ಸರಿಮಾಡಿಕೊಳ್ಳುವುದು ಬಿಟ್ಟು ಬೇರೆ ಕೆಲಸವೇ ಇಲ್ಲದವಳಂತೆ ಕೈ ಸೆರಗಿನ ಮೇಲೇ ಓಡುತ್ತಿತ್ತು.

"ಕುಡಿಯುದಾದ್ರೆ ಕುಡಿಯಿರಿ. ಹಾಲು ಪ್ಯಾಕೆಟಿನದ್ದು, ನೀರು ಪಂಚಾಯತಿನ ನಳ್ಳಿದು. ನನ್ನದು ಅಂತ ಇರುದು ಲೋಟ ಮಾತ್ರ."

ಸುಜಯ್ ಈಗಷ್ಟೇ ಆಯ್ತು ಅಂದ. ಹರ್ಷಿತ್ ಏಣಿಯಿಂದ ಇಳಿಯಲೇ ಇಲ್ಲ. ಮೈಮೂನಾ ಒಂದು ಲೋಟ ತೆಗೆದುಕೊಂಡು ಕುಡಿದಳು. ದುಗ್ಗಮ್ಮ ಅವಳನ್ನೇ ನೋಡಿದಳು.

"ನೀನು ಮೋನು ಬ್ಯಾರಿಯ ಮಗಳಲ್ವಾ? ಪುತ್ತೂರಿನಲ್ಲಿ ಮಣ್ಣು ನೋಡುವವಳು?"

"ಹೌದು ಅಜ್ಜಿ."

"ಅಪ್ಪನ ಮೂಗೇ."

ಸುಜಯ್ ಕೆಮ್ಮಿದ. "ಸರಿ ಮೇಡಂ. ಮೇಲಿನಿಂದ ಬೀಳ್ಲಿಲ್ಲ. ಹಾಗಾದ್ರೆ ಈ ಗುಂಡಿಗೆ ಬಂದದ್ದು ಹೇಗೆ? ನಡ್ಕೊಂಡಾ?"

"ಬುಟ್ಟಿಯಲ್ಲಿ," ಎಂದಳು ಮೈಮೂನಾ. "ಆ ಕಪ್ಪು ಮಣ್ಣಿನಲ್ಲಿ ಮಸಿಯ ಚೂರು ಉಂಟು, ಸುಟ್ಟ ಹೆಂಟೆ ಉಂಟು. ಅದು ಸುಡುಮಣ್ಣು."

ಆ ಸೀಮೆಯವರಿಗೆ ಸುಡುಮಣ್ಣೆಂದರೆ ವಿವರಿಸಬೇಕಿಲ್ಲ. ತರಗೆಲೆ, ಕಡ್ಡಿ, ಕಾಡಿನ ಮೇಲ್ಮಣ್ಣು ಒಂದರ ಮೇಲೊಂದು ಒಟ್ಟಿ, ಬೆಂಕಿ ಕೊಟ್ಟು, ಮೇಲೆ ಮಣ್ಣು ಮುಚ್ಚಿ ದಿನಗಟ್ಟಲೆ ಒಳಗೊಳಗೇ ಬೇಯಿಸುವುದು. ಹುಳ ಸಾಯುತ್ತದೆ, ಕಳೆಬೀಜ ಸಾಯುತ್ತದೆ, ಬಸಳೆಗೆ ಅದಕ್ಕಿಂತ ಮೇಲಾದ ಗೊಬ್ಬರವಿಲ್ಲ. ಬೆಂಕಿ ಕಂಡ ಮಣ್ಣು ಶುದ್ಧ ಎಂಬುದು ಅಜ್ಜಿಯಂದಿರ ಮಾತು.

ಆದರೆ ಸುಜಯನ ಕಣ್ಣು ಕಿರಿದಾಯಿತು. ಅವನ ಮನಸ್ಸು ಎತ್ತ ಓಡಿತೆಂದು ಮೈಮೂನಾಗೆ ಅವನು ಬಾಯಿ ಬಿಡುವ ಮೊದಲೇ ಹೊಳೆಯಿತು.

"ಸುಟ್ಟ ಮಣ್ಣಿಗೆ ಬೂದಿಯೂ ಸೇರಿಸ್ತಾರಲ್ಲ," ಎಂದ ಅವನು ನಿಧಾನಕ್ಕೆ. "ಬೂದಿ ಎಲ್ಲಿ ಸಿಗ್ತದೆ? ಗುಜರಿ ಅಂಗಡಿಯ ಒಲೆಯಲ್ಲಿ. ಅಜ್ಜಿ, ನೀವು ಬ್ಯಾರಿಯ ಒಲೆಯ ಬೂದಿ ತಂದಿದ್ದೀರಾ?"

ದುಗ್ಗಮ್ಮ ಮಾತಾಡಲಿಲ್ಲ. ಸೆರಗಿನ ಮೇಲಿನ ಕೈ ನಿಂತಿತು.

ಈ ಮೌನ ಮೈಮೂನಾಗೆ ಹಿಡಿಸಲಿಲ್ಲ. ಉಪ್ಪನೂ ಠಾಣೆಯಲ್ಲಿ ಹೀಗೇ ಕೂತಿದ್ದ.

"ಅಜ್ಜಿ," ಎಂದಳು. "ಸುಡುಮಣ್ಣಿಗೆ ತಂದ ತರಗೆಲೆ ಸ್ವಲ್ಪವಾದರೂ ಉಳಿದುಂಟಾ? ಸುಡದ್ದು?"

"ಬಚ್ಚಲ ಹಿಂದೆ ಒಂದು ಗೋಣಿ ಉಂಟು," ಎಂದಳು ದುಗ್ಗಮ್ಮ ಕಡೆಗೂ. "ಒಟ್ಟಿದ್ದು ಹೆಚ್ಚಾಯ್ತು ಅಂತ ಬಿಟ್ಟದ್ದು."

ಗೋಣಿ ಬಂತು. ಹರ್ಷಿತ್ ಬಾಯಿ ಬಿಚ್ಚಿದ. ಅರ್ಧ ಕೊಳೆತ ಎಲೆ, ಎಲೆಗಳನ್ನು ಒಂದಕ್ಕೊಂದು ಹೊಲಿದಂತೆ ಬೆಳ್ಳನೆಯ ಅಣಬೆಯ ನೂಲು, ಅದರಡಿ ಹುಡಿ ಮಣ್ಣು. ಮಾಪಕ ಹಿಡಿದ. ಟಿಕ್, ಟಿಕ್, ಟಿಕ್. ಸುಡುಮಣ್ಣಿನಷ್ಟು ಜೋರಿಲ್ಲ, ಆದರೆ ಅಂಗಳದ ಮಣ್ಣಿಗಿಂತ ಎಷ್ಟೋ ಪಾಲು ಹೆಚ್ಚು.

"ಬೆಂಕಿ ಕಾಣುವ ಮೊದಲೇ ಉಂಟು ಸಾರ್," ಎಂದಳು ಮೈಮೂನಾ. "ಇದಕ್ಕೆ ಯಾರ ಒಲೆಯ ಬೂದಿಯೂ ಬೆರೆತಿಲ್ಲ. ಕಾಡಿನ ಎಲೆಯಲ್ಲೇ ಇದ್ದದ್ದು. ಸುಟ್ಟಾಗ ಎಲೆ ಹೋಯ್ತು, ಸೀಸಿಯಂ ಹೋಗ್ಲಿಲ್ಲ. ಹಾಲು ಕಾಯಿಸಿ ಖೋವ ಮಾಡಿದ ಹಾಗೆ ಗಟ್ಟಿಯಾಯ್ತು ಅಷ್ಟೇ."

"ಬಸಳೆ ಅದನ್ನು ಯಾಕೆ ತಿನ್ಬೇಕು? ವಿಷ ಅಂತ ಬೇರಿಗೆ ಗೊತ್ತಾಗುದಿಲ್ವಾ?"

"ಬೇರಿಗೆ ಎಂತ ಗೊತ್ತು ಸಾರ್. ಅದಕ್ಕೆ ಬೇಕಾದ್ದು ಪೊಟ್ಯಾಷ್. ಸೀಸಿಯಂ ಪೊಟ್ಯಾಷಿನ ದಾಯಾದಿ, ಅದೇ ಮುಖ, ಅದೇ ನಡಿಗೆ. ಬಾಗಿಲು ತೆರೆದು ಒಳಗೆ ಕರ್ಕೊಳ್ತದೆ. ನಮ್ಮಲ್ಲಿ ಮಳೆಗೆ ಪೊಟ್ಯಾಷ್ ತೊಳೆದು ಹೋಗಿ ಮಣ್ಣು ಹಸಿದಿರ್ತದೆ. ಹಸಿದವರು ಬಂದವರ ಜಾತಕ ಕೇಳ್ತಾರಾ? ಕಾಡಿನಲ್ಲೂ ಅದೇ ಆಟ. ಎಲೆಯ ಮೇಲೆ ಬಿದ್ದದ್ದು ನೆಲಕ್ಕೆ, ನೆಲದಿಂದ ಅಣಬೆಯ ನೂಲಿಗೆ, ನೂಲಿಂದ ಬೇರಿಗೆ, ಬೇರಿಂದ ಮತ್ತೆ ಎಲೆಗೆ. ಯಾರಾದ್ರೂ ಬುಟ್ಟಿ ಹಿಡ್ಕೊಂಡು ಬಂದು ಬಾಚುವವರೆಗೆ ಅದು ಅಲ್ಲೇ ಸುತ್ತು ಹೊಡೀತಾ ಇರ್ತದೆ."

ಬುಟ್ಟಿ ಎಂಬ ಮಾತಿಗೆ ದುಗ್ಗಮ್ಮ ಕುಸಿದು ಜಗಲಿಯ ಮೇಲೆ ಕೂತಳು.

"ನಾನೇ ಕೊಟ್ಟದ್ದಲ್ವಾ ಮಗುವಿಗೆ," ಎಂದಳು. "ತಂಬುಳಿ ಮಾಡಿ, ಹುರುಳಿ ಹಾಕಿ ಗಸಿ ಮಾಡಿ. ಬೇಡ ಅಂದ್ರೆ ಬೈದು ತಿನ್ನಿಸಿದ್ದೇನೆ."

ಮೈಮೂನಾ ಹಗ್ಗ ಬಿಟ್ಟು ಸುತ್ತು ಬಳಸಿ ಹೋಗಿ ಅವಳ ಪಕ್ಕ ಕೂತಳು.

"ಅಜ್ಜಿ, ಡಾಕ್ಟ್ರು ಮದ್ದು ಕೊಡ್ತಾ ಇದ್ದಾರೆ. ತಿಂದದ್ದು ಮೈಯಿಂದ ಮೆಲ್ಲ ಮೆಲ್ಲ ಹೊರಗೆ ಹೋಗ್ತದೆ. ಆದರೆ ಆ ಎಲೆ ಎಲ್ಲಿದು ಅಂತ ಗೊತ್ತಾಗದಿದ್ರೆ ನಾಳೆ ಇನ್ನೊಬ್ಬರು ಅದನ್ನೇ ಬಾಚಿಕೊಂಡು ಹೋಗ್ತಾರೆ. ಇನ್ನೊಂದು ಮನೆಯ ಮಗು ತಿಂತದೆ."

"ಹೇಳ್ಲಿಕ್ಕೆ ನನಗೆಂತ. ಹೇಳಿದ್ರೆ ಫಾರೆಸ್ಟಿನವರು ಬಿಡ್ತಾರಾ? ರಿಸರ್ವ್ ಕಾಡಿಂದ ಒಂದು ಎಲೆ ತಂದ್ರೂ ಕೇಸು. ಮಗನಿಗೆ ಮೊದಲೇ ಅವರ ಜೊತೆ ಆಗುದಿಲ್ಲ."

ಓ, ಇಷ್ಟೇನಾ ಎಂದುಕೊಂಡಳು ಮೈಮೂನಾ. ಮುದುಕಿಯ ಮೌನಕ್ಕೆ ಕಾರಣ ಉಪ್ಪ ಅಲ್ಲ, ಫಾರೆಸ್ಟಿನವರು.

"ತರಗೆಲೆಯ ಕೇಸು ನಾನು ಕೇಳ್ಲೇ ಇಲ್ಲ ಅಜ್ಜಿ," ಎಂದ ಸುಜಯ್. "ಜಾಗ ಹೇಳಿ ಮಾರಾಯ್ರೆ."

"ನೆಕ್ಕರೆಗುಡ್ಡೆಯ ಬೆನ್ನು. ಕಿರಾಲ್‌ಬೋಗಿ ಮರಗಳ ಅಡಿ. ಮೊದಲ ಮಳೆಗೆ ಕಲ್ಲಣಬೆ ಏಳುದು ಅಲ್ಲೇ. ಗುಡ್ಡೆಯ ಆಚೆ ಬದಿಗೆ ತಂತಿಬೇಲಿ ಹಾಕಿದ ಎಸ್ಟೇಟು ಉಂಟಲ್ಲ, ಆನೆ ಬರ್ತದೆ ಅಂತ ಕರೆಂಟು ಕೊಟ್ಟದ್ದು? ಹೋದ ವರ್ಷ ಅಲ್ಲಿ ಎಂತದೋ ಸುಡ್ತಾ ಇದ್ರು. ರಬ್ಬರಿನ ಹೊಗೆ ಅಲ್ಲ, ಬೇರೆಯೇ ನಾತ. ಎಲೆ ಮೇಲೆಲ್ಲ ಮಸಿ ಕೂತಿತ್ತು. ಮಸಿ ಇದ್ರೆ ಒಳ್ಳೆದೇ, ಸುಡುಮಣ್ಣಿಗೆ ಬೂದಿ ಉಳೀತು ಅಂತ ನಾನು ಅದನ್ನೇ ಬಾಚಿದೆ."

ಸುಜಯ್ ಗುಡ್ಡೆಯ ಕಡೆ ತಿರುಗಿದ. ಅವನು ಅಳೆಯುತ್ತಿದ್ದುದನ್ನೇ ಮೈಮೂನಾ ಕೂಡ ಅಳೆದಳು. ನೆಕ್ಕರೆಗುಡ್ಡೆಯ ಬೆನ್ನು ಎಲ್ಲಿ, ಗುತ್ತಿಗಾರು ರಸ್ತೆಯ ಉಪ್ಪನ ಒಲೆ ಎಲ್ಲಿ. ಮಧ್ಯೆ ಒಂದು ಇಡೀ ಗುಡ್ಡೆ. ಉಪ್ಪನ ಹೊಗೆ ಈ ಹಟ್ಟಿಯ ಹಂಚನ್ನೂ ಮುಟ್ಟದೆ ಅಷ್ಟು ದೂರ ಹಾರಿ ಹೋಗಿ ಆ ಮರಗಳ ಮೇಲೇ ಕೂರುವುದುಂಟೇ.

"ಈಗಲೇ ಗುಡ್ಡೆ ಹತ್ತುವ," ಎಂದ ಸುಜಯ್. "ಅಲ್ಲಿ ಮೇಲಿನ ಪದರ ಮಾತ್ರ ಕೂಗಿದ್ರೆ, ಮರದ ಪಾಚಿಯೂ ಕೂಗಿದ್ರೆ, ಹೊಗೆ ಇಳಿದದ್ದು ಅಲ್ಲಿ ಅಂತಾಯ್ತು. ಮೇಡಂ, ನಾಳೆ ನಾನು ಕೋರ್ಟಿನಲ್ಲಿ ನಿಮ್ಮ ತಂದೆಯ ಬಗ್ಗೆ ಬೇರೆ ಮಾತಾಡ್ಬೇಕಾಗ್ತದೆ."

ಕಣ್ಣು ಮಂಜಾಯಿತು ಮೈಮೂನಾಗೆ. ಎಷ್ಟೋ ದಿನದಿಂದ ಬಿಗಿದಿದ್ದ ಹೆಗಲು ತಾನಾಗಿ ಇಳಿಯಿತು.

"ಹಾಗಾದ್ರೆ ಬ್ಯಾರಿಯನ್ನು ಬಿಡ್ತಾರಾ?" ಎಂದಳು ದುಗ್ಗಮ್ಮ.

"ನೋಡುವ ಅಜ್ಜಿ."

"ಬಿಡ್ಬೇಕು. ಪಾಪದವ. ನಮಗೆ ಕೆಟ್ಟದ್ದು ಬಯಸಿದವ ಅಲ್ಲ." ದುಗ್ಗಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಒಳ್ಳೆಯವನಿಗೆ ನಾಲ್ಕು ಒಳ್ಳೆಯ ಮಾತು ಸೇರಿಸುವ ಉಮೇದಿನಲ್ಲಿ ದನಿ ಬಿಚ್ಚಿಕೊಂಡಿತು. "ಆ ಬಸಳೆ ತಿನ್ಬೇಡ ಅಂತ ಮೊದಲು ಹೇಳಿದ್ದೇ ಅವ."

ಸುಜಯ್ ಎತ್ತಿದ ಕಾಲು ಹಾಗೇ ಇಳಿಸಿದ.

"ಯಾವಾಗ?"

"ಬಿಸು ಹಬ್ಬ ಕಳೆದು ಸ್ವಲ್ಪ ದಿನ ಆಗಿತ್ತು. ಕಾಲೇಜಿನ ಮಕ್ಕಳು ಮೆಷಿನ್ ತಂದದ್ದು ಅದರ ಎಷ್ಟೋ ದಿನದ ನಂತರ. ಹಳೆ ಕಬ್ಬಿಣ ಕೇಳ್ಲಿಕ್ಕೆ ಬಂದವ ಚಪ್ಪರದ ಎದುರು ನಿಂತ. ಬಸಳೆ ಎಷ್ಟು ಚೆಂದ ಬಂದಿದೆ ನೋಡು ಅಂದೆ. ಮಣ್ಣು ಎಲ್ಲಿದು ಅಂತ ಕೇಳಿದ. ಅವ ನಮ್ಮವನೇ ಅಲ್ವಾ, ಹೇಳಿದೆ. ಅವನ ಮುಖ ನೋಡ್ಬೇಕಿತ್ತು ನೀವು, ಬಿಳಿ ಗೋಡೆ. ಮಗುವಿಗೆ ಕೊಡ್ಬೇಡ ಅಕ್ಕ ಅಂದ. ಯಾಕೆ ಅಂದ್ರೆ ಹೇಳ್ಲಿಲ್ಲ. ಬಳ್ಳಿಯೆಲ್ಲ ಬೇರು ಸಮೇತ ಕಿತ್ತು, ಬುಡದ ಮಣ್ಣೂ ತುಂಬಿಸಿ, ಗೋಣಿಯಲ್ಲಿ ಕಟ್ಟಿ ಪಿಕಪ್ಪಿಗೆ ಹಾಕಿದ. ಯಾರಿಗೂ ಹೇಳ್ಬೇಡ ಅಂದ."

"ಆದರೆ ಬಸಳೆ ಇನ್ನೂ ಉಂಟಲ್ಲ ಇಲ್ಲಿ," ಎಂದ ಹರ್ಷಿತ್, ಮೊದಲ ಸಲ ತಾನಾಗಿ ಬಾಯಿ ಬಿಟ್ಟು.

"ಎರಡು ಕಡ್ಡಿ ನೀರಿನ ಚೆಂಬಿನಲ್ಲಿ ಇಟ್ಟಿದ್ದೆ. ಬಸಳೆ ಅಂದ್ರೆ ಹಾಗೆಯೇ ಅಲ್ವಾ, ಎಲ್ಲಿ ಚುಚ್ಚಿದರೂ ಬರ್ತದೆ. ಉಳಿದ ಸುಡುಮಣ್ಣೂ ಇತ್ತು. ಬ್ಯಾರಿಗೆ ತಲೆ ಕೆಟ್ಟಿದೆ ಅಂತ ಅದೇ ಗುಂಡಿಯಲ್ಲಿ ಮತ್ತೆ ನೆಟ್ಟೆ." ಅವಳ ಬಾಯಿ ವಕ್ರವಾಯಿತು. "ಅವನ ಮಾತು ಕೇಳ್ಬೇಕಿತ್ತು."

ಮೈಮೂನಾಗೆ ತಾನು ಕೂತ ಜಗಲಿಯೇ ಹಿಂದಕ್ಕೆ ಸರಿದಂತಾಯಿತು. ಮೆಷಿನ್ ಇಲ್ಲ, ಪರೀಕ್ಷೆ ಇಲ್ಲ. ನೆಕ್ಕರೆಗುಡ್ಡೆಯ ಹೆಸರು ಕೇಳಿದ್ದಷ್ಟೇ, ಉಪ್ಪನಿಗೆ ಗೊತ್ತಾಗಿಬಿಟ್ಟಿತ್ತು. ಅಲ್ಲಿ ಏನು ಸುಟ್ಟದ್ದು ಎಂದು ಗೊತ್ತಿದ್ದವನಿಗೆ ಮಾತ್ರ ಹಾಗೆ ಗೊತ್ತಾಗಲು ಸಾಧ್ಯ.

ಉಪ್ಪನನ್ನು ಉಳಿಸಲೆಂದು ಅವಳೇ ಹಟ ಹಿಡಿದು ಕಟ್ಟಿಸಿದ ಸೇತುವೆಯ ಮೇಲೆ ಈಗ ಪೊಲೀಸರು ನಡೆದು ಬರುತ್ತಿದ್ದರು.

"ಪಿಕಪ್ ಯಾಕೆ ಕೂಗಿತು ಅಂತ ಈಗ ಗೊತ್ತಾಯ್ತು," ಎಂದ ಸುಜಯ್, ತನ್ನಷ್ಟಕ್ಕೆ. ಆಮೇಲೆ ದುಗ್ಗಮ್ಮನ ಎದುರು ಕುಕ್ಕರುಗಾಲಿನಲ್ಲಿ ಕೂತ. "ಅಜ್ಜಿ, ಆ ಗೋಣಿಯನ್ನು ಎಂತ ಮಾಡ್ತೇನೆ ಅಂದ?"

"ಎಂತ ಮಾಡುದು? ಮಗಳಿಗೆ ಕೊಡ್ತೇನೆ, ಅವಳು ಪರೀಕ್ಷೆ ಮಾಡಿ ಹೇಳ್ತಾಳೆ ಅಂದ. ನನ್ನ ಮಗಳ ಮಾತು ಅಂದ್ರೆ ಪುತ್ತೂರಿನ ಸಾಹುಕಾರರೂ ಎದುರು ಹೇಳುದಿಲ್ಲ ಅಂತ ದೊಡ್ಡದು ಮಾಡಿ ಹೇಳಿದ." ದುಗ್ಗಮ್ಮ ಮೈಮೂನಾಳ ಮೊಣಕಾಲಿನ ಮೇಲೆ ಕೈ ಇಟ್ಟಳು. "ಕೊಟ್ಟಿರ್ಬೇಕಲ್ಲ ಮಗ, ನಿನಗೆ?"

ಸುಜಯ್ ತಲೆಯೆತ್ತಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಮೇಡಂ, ಯೋಚನೆ ಮಾಡಿ ಹೇಳಿ. ಪರೀಕ್ಷೆಗೆ ಕೊಟ್ಟಿದ್ದು ಹೌದಾದರೆ ನಿಮ್ಮ ತಂದೆ ಅಪಾಯ ಕಂಡು ಎಚ್ಚರಿಸಿದ ಮನುಷ್ಯ. ನಾನೇ ಹಾಗೆ ಬರೀತೇನೆ. ಕೊಡ್ಲಿಲ್ಲ ಅಂತಾದರೆ ಗೊತ್ತಿದ್ದೂ ಸಾಕ್ಷಿ ಕಿತ್ತು ಮುಚ್ಚಿಟ್ಟವರು. ಒಂದು ಮಗು ಆಸ್ಪತ್ರೆಯಲ್ಲಿ ಇರುವಾಗ. ಆ ಗೋಣಿ ನಿಮ್ಮ ಕೈಗೆ ಬಂದಿತ್ತಾ?"

ಬಂದಿರಲಿಲ್ಲ.

ಬಿಸುವಿನ ನಂತರ ಉಪ್ಪ ಪುತ್ತೂರಿಗೆ ಬಂದದ್ದು ಒಮ್ಮೆ. ಲ್ಯಾಬಿನ ಬಾಗಿಲಲ್ಲಿ ನಿಂತು, ಕೆಲಸ ಹೆಚ್ಚಾ ಮಗಳೇ ಎಂದು ಕೇಳಿ, ಹೆಚ್ಚು ಎಂದಾಗ ಹೌದಾ ಎಂದು ಹೊರಟುಹೋಗಿದ್ದ. ಕೈ ಖಾಲಿಯಿತ್ತು.

ಫಲ ಬಾರದ ಮಣ್ಣಿಗೆ ಫಲವಿದೆ ಎಂದು ಅವಳು ಇದುವರೆಗೆ ಯಾರಿಗೂ ಹೇಳಿದವಳಲ್ಲ. ಅತ್ತು ಕರೆದವರಿಗೂ ಇಲ್ಲ, ಕಣ್ಣು ಕೆಂಪು ಮಾಡಿದವರಿಗೂ ಇಲ್ಲ. ಮಣ್ಣು ಏನು ಹೇಳಿತೋ ಅಷ್ಟೇ ಹೇಳಿ, ಬೈಸಿಕೊಂಡು, ಅದರದೇ ಅನ್ನ ತಿಂದವಳು.

ದುಗ್ಗಮ್ಮನ ಕೈ ಇನ್ನೂ ಅವಳ ಮೊಣಕಾಲಿನ ಮೇಲಿತ್ತು.

"ಹೌದು ಸಾರ್," ಎಂದಳು ಮೈಮೂನಾ. "ಬಂದಿತ್ತು. ಲ್ಯಾಬಿನಲ್ಲೇ ಉಂಟು."

ಸುಜಯನ ಮುಖ ಸಡಿಲವಾಯಿತು. ಅವನು ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡ.

"ಒಳ್ಳೆದಾಯ್ತು. ಹಾಗಾದ್ರೆ ಗುಡ್ಡೆ ಆಮೇಲೆ. ಹರ್ಷಿತ್, ಮೆಷಿನ್ ಜೀಪಿಗೆ ಇಡಿ, ಸೀದ ಪುತ್ತೂರಿಗೆ ಹೋಗುವ. ಮೇಡಂ, ನೀವು ಮುಂದೆ ಕೂತುಕೊಳ್ಳಿ. ಬೀಗ ನೀವೇ ತೆಗೆಯಬೇಕಲ್ಲ."